ಟೈಲ್ಸಿನ ಹಿಂದಿದ್ದ ಗೋಡೆ

ತಿಪಟೂರಿನ ನಮ್ಮ ಮನೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಹಿಂದಿನ ಬಿಳಿ ಟೈಲ್ಸುಗಳನ್ನು ಅತ್ತೆ ದಿನವೂ ಉಜ್ಜುತ್ತಿದ್ದರು. ಆದರೂ ಅಲ್ಲಿ ಕಮಟು ವಾಸನೆ ಹೋಗುತ್ತಿರಲಿಲ್ಲ. "ನೀನು ಪಾತ್ರೆ ಸರ್ಯಾಗಿ ತೊಳೆಯಲ್ಲ ಕಣೇ" ಎಂದು ನನ್ನನ್ನೇ ಬೈಯುತ್ತಿದ್ದರು.

ಒಂದು ಭಾನುವಾರ ನನ್ನ ಗಂಡ, ಸಡಿಲವಾಗಿದ್ದ ಟೈಲೊಂದನ್ನು ಉಳಿ ಕೊಟ್ಟು ಎಬ್ಬಿಸಿದರು. ಹಿಂದೆ ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು. ಅದರೊಳಗಿಂದ ಜಿರಲೆಗಳು ಬುಳುಬುಳು ಸುರಿದು ನನ್ನ ಸೀರೆಗೆ ಹತ್ತಿದವು. ಗಾರೆಗೆ ಸತ್ತ ಇಲಿಮರಿಯೊಂದು ಅಂಟಿಕೊಂಡಿತ್ತು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ.

ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತರು. "ಇದ್ರ ಪಕ್ದಲ್ಲೇ ಬೇಯ್ಸ್ಕೊಂಡು ತಿಂದ್ವಲ್ಲಪ್ಪ. ಎಲ್ಲಾ ಕಿತ್ತಾಕ್ಬುಡು" ಎಂದು ಮಗನಿಗೆ ಹೇಳಿದರು.

ಗೋಡೆಗೆ ಸುಣ್ಣ ಬಳಿದ ಮೇಲೂ ಅಲ್ಲಿ ಅನ್ನ ಬಸಿಯಲು ಅತ್ತೆಗೂ ನನಗೂ ಹೇಸಿಗೆಯಾಗುತ್ತಿತ್ತು. ಹಲವು ದಿನ ಹಿತ್ತಲಲ್ಲೇ ತೆಂಗಿನ ಮಟ್ಟೆ ಉರಿಸಿ ಅಡುಗೆ ಮಾಡಿದೆವು.