ಇಬ್ಬನಿಗೆ ಬಿಟ್ಟ ಬಟ್ಟೆ

ದೀಪ ಹಚ್ಚುವ ಹೊತ್ತು ಮೀರಿ ತಂತಿಯ ಮೇಲೆ ಬಟ್ಟೆ ಉಳಿದರೆ ನನ್ನ ಜೀವ ಚಡಪಡಿಸುತ್ತದೆ. ನನ್ನದೇ ಆಗಬೇಕೆಂದಿಲ್ಲ, ಯಾರದ್ದಾದರೂ ಸರಿ. ತ್ಯಾಗರಾಜನಗರದ ನಮ್ಮ ಮನೆಯ ತಾರಸಿಯಲ್ಲಿ ನನಗೊಂದು ತಂತಿ, ಮಹಡಿಯಲ್ಲಿ ಬಾಡಿಗೆಗಿರುವ ನಿವೃತ್ತ ನರ್ಸ್‌ಗೊಂದು ತಂತಿ. ಕೆಲವು ವರ್ಷಗಳ ಹಿಂದೆ, ಜನವರಿಯ ಕೊನೆಯ ಸಂಜೆ, ಅವರ ತಂತಿಯಲ್ಲಿ ಒಂದು ಬಿಳಿ ವಸ್ತ್ರ ಉಳಿದಿತ್ತು. ಪಾಪ, ಮರೆತಿದ್ದಾರೆ ಎಂದು ತೆಗೆದುಕೊಂಡು ಬಂದೆ. ತಂದವಳು ಸುಮ್ಮನಿರಬೇಕೇ? ಇಸ್ತ್ರಿ ಮಾಡಿ, ಮಡಿಸಿ, ಬೀರುವಿನಲ್ಲಿಟ್ಟೆ.

ಬೆಳಿಗ್ಗೆ ಕೊಡಲು ಹೋದಾಗ ಅವರ ಮುಖ ಬಿಳುಚಿಕೊಂಡಿತು.

"ಅಕ್ಕಾ, ಅದನ್ನ ಬೇಕಂತಲೇ ಇಬ್ಬನಿಗೆ ಬಿಟ್ಟಿದ್ದೆ," ಅಂದರು.

ಕೂರಿಸಿ ವಿಷಯ ಹೇಳಿದರು. ಅವರಿಗೆ ನರ್ಸಿಂಗ್ ಕಲಿಸಿದ ಐರ್ಲೆಂಡಿನ ಸನ್ಯಾಸಿನಿಯೊಬ್ಬರಿಂದ ಬಂದ ವಾಡಿಕೆ ಅದು. ಒಂದೂವರೆ ಸಾವಿರ ವರ್ಷದ ಹಿಂದೆ ಆ ದೇಶದಲ್ಲಿ ಸಂತಳೊಬ್ಬಳಿದ್ದಳಂತೆ. ದಾಸಿಯ ಮಗಳು. ತಾನು ಕಡೆದ ಬೆಣ್ಣೆಯನ್ನೆಲ್ಲ ಬಾಗಿಲಿಗೆ ಬಂದ ಬಡವರಿಗೆ ಕೊಟ್ಟುಬಿಡುತ್ತಿದ್ದಳು. ಅಪ್ಪನ ರತ್ನ ಕೂರಿಸಿದ ಕತ್ತಿಯನ್ನೂ ಒಬ್ಬ ಕುಷ್ಠರೋಗಿಗೆ ದಾನ ಮಾಡಿದಳು. ಮುಂದೆ ಹೆಂಗಸರಿಗೆಂದು ಮಠ ಕಟ್ಟಿದಳು. ಇಂಥ ಸೊಸೆ ನಮ್ಮ ಮನೆಗೆ ಬಂದಿದ್ದರೆ ಅತ್ತೆ ಮೂರೇ ದಿನಕ್ಕೆ ತವರಿಗೆ ಅಟ್ಟುತ್ತಿದ್ದರು ಅನ್ನಿಸಿತು, ಹೇಳಲಿಲ್ಲ. ಫೆಬ್ರವರಿ ಒಂದು ಅವಳ ಹಬ್ಬ; ಅದರ ಹಿಂದಿನ ರಾತ್ರಿ ಹೊರಗೆ ಬಿಟ್ಟ ಬಟ್ಟೆಯನ್ನು ಅವಳು ಹಾದುಹೋಗುವಾಗ ಮುಟ್ಟುತ್ತಾಳೆ. ಹೆರಿಗೆಯಲ್ಲಿ ಆ ಬಟ್ಟೆ ಜೊತೆಗಿದ್ದರೆ ತಾಯಿ ಮಗು ಇಬ್ಬರೂ ಕ್ಷೇಮ ಎಂದು ನಂಬಿಕೆ.

ಹೆರಿಗೆಗೆ ಬಂದಿದ್ದ ಅವರ ಮಗಳಿಗೆ ಆಗ ಒಂಬತ್ತು ತಿಂಗಳು. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಆ ಬಟ್ಟೆ ಬೇಕೇ ಬೇಕು ಎಂದು ಅವಳೇ ಕೇಳಿದ್ದಳಂತೆ. ಆ ರಾತ್ರಿ ಬರುವುದು ವರ್ಷಕ್ಕೊಂದೇ ಸಲ. ನನಗೆ ಭೂಮಿಗಿಳಿದು ಹೋದ ಹಾಗಾಯಿತು.

"ನಾನು ಹೆರಿಗೆ ವಾರ್ಡಲ್ಲೇ ಸವೆದವಳು. ಬಟ್ಟೆಯಿಂದ ಏನೂ ಆಗಲ್ಲ ಅಂತ ಗೊತ್ತು ಅಕ್ಕ. ಆದ್ರೆ ಅವಳು ಹೆದರಿದಾಳೆ. ರಾತ್ರಿಯೆಲ್ಲ ಹೊರಗಿತ್ತು ಅಂತಲೇ ಹೇಳ್ತೀನಿ. ನೀವೂ ಬಾಯಿ ಬಿಡಬೇಡಿ," ಅಂದರು.

ಬಾಯಿ ಬಿಡದೆ ಇರುವುದು ನನಗೆಷ್ಟು ಕಷ್ಟ ಎಂದು ನಮ್ಮ ಬೀದಿಗೇ ಗೊತ್ತು. ಆದರೂ ಬಿಡಲಿಲ್ಲ. ಎರಡು ವಾರಕ್ಕೆ ಹೆಣ್ಣು ಮಗು ಹುಟ್ಟಿತು, ಇಬ್ಬರೂ ಕ್ಷೇಮ. ಅವತ್ತು ನಾನು ಅತ್ತದ್ದು ನೋಡಿ ಮನೆಯವರಿಗೆ ಗಾಬರಿಯಾಯಿತು.

ಈಗ ಆ ಮಗು ನಮ್ಮ ಅಡುಗೆಮನೆಯ ಡಬ್ಬಗಳನ್ನೆಲ್ಲ ಮಗುಚುವಷ್ಟು ದೊಡ್ಡದಾಗಿದೆ. ಮೊನ್ನೆ ಅದರ ತಾಯಿ ಕಾಫಿಗೆ ಬಂದಿದ್ದಳು. ಇನ್ನು ತಡೆಯಲಾರದೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ನಕ್ಕಳು.

"ಆಸ್ಪತ್ರೆಗೆ ಹೊರಟ ದಿನವೇ ಗೊತ್ತಾಯ್ತು ಆಂಟಿ. ಬಟ್ಟೆ ಬಿಚ್ಚಿದ್ರೆ ನಿಮ್ಮ ಬೀರುವಿನ ಕರ್ಪೂರದ ವಾಸನೆ."

"ಗೊತ್ತಿದ್ದೂ ಯಾಕಮ್ಮ ತಗೊಂಡು ಹೋದೆ?"

ಅವಳು ಲೋಟ ಕೆಳಗಿಟ್ಟಳು. "ಅಮ್ಮ ನನಗಿಂತ ಜಾಸ್ತಿ ಹೆದರಿದ್ರು. ಆ ಬಟ್ಟೆ ನನ್ನ ಹತ್ರ ಇದ್ದಾಗ ಮಾತ್ರ ಅವರ ಕೈ ನಡುಗೋದು ನಿಲ್ತಿತ್ತು."