ಹಗೇವಿನ ಪಕ್ಕದ ಪೈಪು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಅಂಗಳಕ್ಕೆ ಒಂದು ಹೊಟ್ಟೆ ಇತ್ತು. ಕಿಸಿಕಿಸಿ ನಗಬೇಡಿ, ಪೂರ್ತಿ ಕೇಳಿ. ಕೇಳಿದರೆ ಮೊನ್ನೆ ನಿಮ್ಮ ಪೌಡರ್ ಡಬ್ಬಿ ಹೇಗೆ ಖಾಲಿಯಾಯಿತು ಅನ್ನುವುದೂ ಗೊತ್ತಾಗುತ್ತದೆ.

ನಮ್ಮೂರು ಇದ್ದದ್ದು ಕಿರುಗಾವಲಿಗೆ ನಡೆದು ಹೋಗಿಬರುವಷ್ಟು ದೂರದಲ್ಲಿ. ಅಂಗಳದ ನೆಲದಡಿಯಲ್ಲಿ ಗುಡಾಣದಂಥ ಒಂದು ದೊಡ್ಡ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ಅಗಲ. ಅದಕ್ಕೆ ಹಗೇವು ಅನ್ನುತ್ತಿದ್ದೆವು. ಒಳಗೆ ಸುತ್ತಲೂ ಒಣಹುಲ್ಲು ಕಟ್ಟಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿ ಸಗಣಿ ಸಾರಿಸಿಬಿಟ್ಟರೆ ಮುಗಿಯಿತು. ಗಾಳಿ ಹೋಗದು, ಹುಳ ಬೀಳದು, ರಾಗಿ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಆದರೆ ಒಮ್ಮೆ ಬಾಯಿ ತೆರೆದರೆ ಅಷ್ಟನ್ನೂ ಹೊರಗೆ ತೆಗೆಯಲೇಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಹಗೇವಿನ ಬಾಯಿ ಎಲ್ಲಿದೆ ಎಂದು ಹೊರಗಿನವರಿಗೆ ಬಾಯಿಬಿಡಬಾರದು. ಕಳ್ಳಕಾಕರ ಭಯ. ಆ ಜಾಗದ ಮೇಲೆ ನಿಂತು ಯಾರಾದರೂ ಕೇಳಿದರೂ ನಮ್ಮ ಅಜ್ಜಿ ಆಕಾಶ ನೋಡುತ್ತಿದ್ದಳು.

ಹೌದು, ನಿಮಗೆ ನಾನು ಅಜ್ಜಿ, ನನಗೂ ಒಬ್ಬಳು ಅಜ್ಜಿ ಇದ್ದಳು. ನನ್ನ ಅಪ್ಪನ ತಾಯಿ. ಆಗ ಹಗೇವಿನಲ್ಲಿದ್ದದ್ದು ತಾತ ತುಂಬಿಸಿದ ರಾಗಿ. ಅವನು ಬದುಕಿದ್ದಾಗ ಬೆಳೆದ ಕೊನೆಯ ಬೆಳೆ. ‘ನನ್ನ ದೊಡ್ಡ ಮೊಮ್ಮಗಳ ಬೀಗರೂಟಕ್ಕೆ ಇದೇ ರಾಗಿ ಮುದ್ದೆ’ ಎಂದು ಹೇಳಿ ಚಪ್ಪಡಿ ಮುಚ್ಚಿದ್ದನಂತೆ. ಆ ದೊಡ್ಡ ಮೊಮ್ಮಗಳು ನನ್ನ ಅಕ್ಕ. ಅವಳಿಗೆ ಮದುವೆ ಗೊತ್ತಾಗಿತ್ತು. ಬೇಸಿಗೆಗೆ ಮದುವೆ, ಮಾರನೆಯ ದಿನ ಬೀಗರೂಟ. ನೀವೂ ಉಂಡಿದ್ದೀರಲ್ಲ, ಮಂಡ್ಯ ಸೀಮೆಯಲ್ಲಿ ಮುದ್ದೆ, ಮಾಂಸದ ಸಾರು ಇಲ್ಲದೆ ಬೀಗರೂಟ ಉಂಟೆ? ತಾತ ಹೋದ ಮೇಲೆ ಎಷ್ಟೋ ಸಲ ಮನೆಯಲ್ಲಿ ರಾಗಿ ತಳ ಕಂಡಿತ್ತು. ಆದರೂ ಅಜ್ಜಿ ಹಗೇವಿಗೆ ಕೈ ಹಾಕಗೊಟ್ಟಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಮನೆಯೊಳಕ್ಕೆ ನಲ್ಲಿ ಬಂತು. ಊರಿಗೆ ಟ್ಯಾಂಕು ಕಟ್ಟಿ ಬೀದಿಗೊಂದು ನಲ್ಲಿ ಹಾಕಿದ್ದರು. ಮದುವೆ ಮನೆ, ನೀರು ಹೊತ್ತು ಸಾಯಬೇಕಲ್ಲ ಎಂದು ಅಪ್ಪ ಬೀದಿಯಿಂದ ಬಚ್ಚಲುಮನೆಯ ತನಕ ಕಬ್ಬಿಣದ ಪೈಪು ಎಳೆಸಿದ. ಮೊದಲ ದಿನ ಬಚ್ಚಲಲ್ಲಿ ನೀರು ಬುಸ್ಸೆಂದು ಬಂದಾಗ ಅವ್ವ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದಳು. ನಾನು ಸುಮ್ಮಸುಮ್ಮನೆ ಹೋಗಿ ಕಾಲು ತೊಳೆದುಕೊಂಡು ಬರುತ್ತಿದ್ದೆ. ನನ್ನ ಕಾಲು ಅಷ್ಟು ಬೆಳ್ಳಗೆ ಯಾವತ್ತೂ ಇರಲಿಲ್ಲ.

ಕೆಲವು ವಾರ ಕಳೆಯುವಷ್ಟರಲ್ಲಿ ಬುಸ್ಸೆನ್ನುತ್ತಿದ್ದ ನೀರು ದಾರದಷ್ಟು ಸಣ್ಣಗಾಯಿತು. ಕೊಡ ತುಂಬುವಷ್ಟರಲ್ಲಿ ಅವ್ವ ಒಂದು ಒಬ್ಬೆ ಅಕ್ಕಿ ಬೇಯಿಸಿ ಇಳಿಸುತ್ತಿದ್ದಳು. ಅಪ್ಪ ಟ್ಯಾಂಕಿನವನನ್ನು ಬೈದ, ನಲ್ಲಿಯನ್ನು ಬಿಚ್ಚಿ ಊದಿದ, ಮತ್ತೆ ಟ್ಯಾಂಕಿನವನನ್ನು ಬೈದ. ಎಲ್ಲೋ ಪೈಪು ಸೋರುತ್ತಿದೆ ಎಂದು ಕೊನೆಗೆ ಅವನಿಗೇ ಹೊಳೆಯಿತು. ಎಲ್ಲಿ ಅನ್ನುವುದು ಮಾತ್ರ ಹೊಳೆಯಲಿಲ್ಲ.

ಇತ್ತ ಅಜ್ಜಿಯ ನಡವಳಿಕೆ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ಒಲೆಯ ಬೂದಿಯನ್ನು ಜರಡಿ ಹಿಡಿದು, ಅಂಗಳದ ಒಂದು ಮೂಲೆಯಲ್ಲಿ ತೆಳ್ಳಗೆ ಉದುರಿಸಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಟ್ಯಾಂಕಿನ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಬೆಳ್ಳಗಿನ ಬೂದಿ ಅಲ್ಲಲ್ಲಿ ಕಪ್ಪಗಾಗುತ್ತಿತ್ತು. ಅವಳ ಮುಖವೂ ಕಪ್ಪಿಡುತ್ತಿತ್ತು. ‘ಏನಜ್ಜಿ ಇದು?’ ಅಂದರೆ, “ಇರುವೆ ಬತ್ತವೆ ಕಣಮ್ಮಿ, ಸುಮ್ಕೆ ಓಗು ಆಟ ಆಡ್ಕ,” ಅನ್ನುತ್ತಿದ್ದಳು. ಆ ದಿನಗಳಲ್ಲಿ ಅವಳು ಎಲೆಅಡಿಕೆಯನ್ನೂ ಹಾಕುತ್ತಿರಲಿಲ್ಲ. ಎಲೆಅಡಿಕೆ ಬಿಟ್ಟ ಅಜ್ಜಿಯನ್ನು ನಾನು ಅದೇ ಮೊದಲು ನೋಡಿದ್ದು.

ಈಗ ನಾನು ಹೇಳಹೊರಟ ದಿನಕ್ಕೆ ಬರೋಣ. ಅಂದು ಅಪ್ಪ ಗುದ್ದಲಿ ಹಿಡಿದು ಗೋಡೆಯ ಬುಡ ಅಗೆಯತೊಡಗಿದ. ಪೈಪು ಗೋಡೆಯ ಪಕ್ಕದಲ್ಲೇ ಹೋಗಲಿ ಎಂದು ಅವನೇ ಕೆಲಸದವರಿಗೆ ಗೆರೆ ಎಳೆದುಕೊಟ್ಟಿದ್ದ. ಆದರೆ ಅವರು ಪೈಪು ಹೂಳಲು ಚರಂಡಿ ತೋಡಿದ ದಿನ ನಮ್ಮ ಕಬ್ಬಿಗೆ ಆಲೆಮನೆಯಲ್ಲಿ ಸರದಿ ಬಂದಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬಿಟ್ಟು ಬರಲಿಕ್ಕಾಗುತ್ತದೆಯೇ? ಅಜ್ಜಿಯೊಬ್ಬಳನ್ನು ಬಿಟ್ಟು ನಾವೆಲ್ಲ ಅಲ್ಲೇ ಇದ್ದೆವು. ಬೆಲ್ಲ ಇಳಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಚರಂಡಿ ಮುಚ್ಚಿ, ಮೇಲೆ ಸಗಣಿ ಸಾರಿಸಿ ಆಗಿತ್ತು.

ಮಣ್ಣು ಒಣಗಿತ್ತು. ಇನ್ನೂ ಆಳಕ್ಕೆ ಹೋದ, ಆಗಲೂ ಒಣಮಣ್ಣೇ. ಪೈಪಿನ ಸುಳಿವೇ ಇಲ್ಲ. ಠಣ್ ಎಂದು ಗುದ್ದಲಿ ಒಂದು ದೊಡ್ಡ ಬಂಡೆಗೆ ಬಡಿಯಿತು. ಅಪ್ಪನ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು.

“ಪೈಪ ಏನ್ ನೆಲ ನುಂಗ್ಬುಡ್ತಾ?” ಎಂದು ಗುದ್ದಲಿ ಎಸೆದ.

ಅಜ್ಜಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಆಮೇಲೆ ಮೆಲ್ಲಗೆ ಅಂಗಳಕ್ಕೆ ಇಳಿದು ಬಂದಳು.

“ಅಲ್ಲಿ ಅಗೀಬ್ಯಾಡ ಕಣ್ಲಾ ಮಗ. ಪೈಪ ಅಲ್ಲಿಲ್ಲ.”

“ಮತ್ತೆಲ್ಲದೆ?”

ಅಜ್ಜಿ ಬೂದಿ ಉದುರಿಸಿದ್ದ ಜಾಗವನ್ನು ಕಾಲಿನಿಂದ ತೋರಿಸಿದಳು. ಅಪ್ಪ ಆ ಕಡೆ ನೋಡಿದ, ಅಜ್ಜಿಯ ಮುಖ ನೋಡಿದ. ಹಗೇವಿನ ಬಾಯಿಗೂ ಆ ಒದ್ದೆ ಬೂದಿಗೂ ಒಂದು ಮೊಳವೂ ದೂರವಿರಲಿಲ್ಲ.

ಆಗ ಅಜ್ಜಿ ಎಲ್ಲವನ್ನೂ ಹೇಳಿದಳು. ಬಂಡೆ ಸಿಕ್ಕಿದ್ದಕ್ಕೆ ಕೆಲಸದವರು ಚರಂಡಿಯನ್ನು ಅಂಗಳದ ಕಡೆಗೆ ತಿರುಗಿಸಿದ್ದರು. ತಿರುಗಿಸುವ ಮುಂಚೆ ‘ಅಜ್ಜಿ, ಇಲ್ಲಿ ಕೆಳಗೆ ಏನಾದರೂ ಇದೆಯಾ?’ ಎಂದು ಕೇಳಿಯೂ ಇದ್ದರು.

“ಅನ್ಯರ ಮುಂದೆ ಎಂಗ್ಲಾ ಯೇಳ್ಳಿ? ಏನೂ ಇಲ್ಲ, ಬರೀ ಮಣ್ಣು ಅಂದ್ಬುಟ್ಟೆ. ಆಮೇಲೆ ನಿಂಗ್ ಯೇಳಕ್ಕೆ ಬಾಯೇ ಬರ್ನಿಲ್ಲ. ನಿಮ್ಮಪ್ಪನ ರಾಗಿನ ನಾನೇ ಕೈಯಾರೆ ನೀರ್ಗಾಕ್ಬುಟ್ನಲ್ಲೋ!”

ಇಷ್ಟು ಹೇಳಿ ಅಂಗಳದಲ್ಲೇ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಊರನ್ನೇ ನಡುಗಿಸುತ್ತಿದ್ದ ಅಜ್ಜಿ ಅಳುವುದನ್ನು ಕಂಡು ನನಗೂ ಅಳು ಬಂತು. ಅಪ್ಪ ಕೂಗಾಡುತ್ತಾನೆ ಅಂದುಕೊಂಡೆ. ಅವನು ಅವಳ ಪಕ್ಕ ಕೂತು, “ಎದ್ದೇಳವ್ವ, ಮೊದ್ಲು ಸೋರೋದ ನಿಲ್ಸವ. ಅಳೋದ ಆಮೇಲೆ ಒಟ್ಗೇ ಅಳವ,” ಅಂದ. ಅಕ್ಕ ಬಾಗಿಲ ಸಂದಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಬೂದಿ ಎಲ್ಲಿ ಹೆಚ್ಚು ಕಪ್ಪಗಾಗಿತ್ತೋ ಅಲ್ಲೇ ಅಗೆದರು. ಗುದ್ದಲಿ ಬೇಡ, ಕೈಯಲ್ಲೇ ಮಣ್ಣು ಬಗೆಯಿರಿ ಎಂದಳು ಅಜ್ಜಿ. ನಾನೂ ಬಗೆದೆ. ಮಣ್ಣು ಮೊದಲು ತಣ್ಣಗೆ, ಆಮೇಲೆ ಹಿಟ್ಟಿನಂತೆ ಅಂಟು, ಆಮೇಲೆ ಕೆಸರು. ಆಳದಲ್ಲಿ ಪೈಪು ಬಗ್ಗುವ ಕಡೆ ಒಂದು ಎಲ್ಬೋ ಜೋಡಿಸಿದ್ದರು. ಟ್ಯಾಂಕಿನ ನೀರಿನ ರಭಸ ಇಳಿದಿದ್ದ ಆ ಹೊತ್ತಿನಲ್ಲೂ ಅದರ ತಿರುಪಿನ ಸಂದಿನಿಂದ ನೀರು ಮುತ್ತಿನಂತೆ ಮೂಡಿ ಜಾರುತ್ತಿತ್ತು. ಸದ್ದೇ ಇಲ್ಲ. ಇಷ್ಟು ಸಣ್ಣ ಹನಿ ಇಷ್ಟು ದೊಡ್ಡ ಅಜ್ಜಿಯನ್ನು ಅಳಿಸಿತಲ್ಲ ಎಂದು ನನಗೆ ಅದರ ಮೇಲೆ ಸಿಟ್ಟೇ ಬಂತು.

ಅಪ್ಪ ಆಲೆಮನೆಯಿಂದ ಪೈಪು ಹಿಡಿಯುವ ದೊಡ್ಡ ಪಾನಾ ತಂದ. ಬೀದಿಯ ಕಡೆ ನೀರು ಕಟ್ಟಿ ಎಲ್ಬೋ ಬಿಚ್ಚಿದ. ಒಳಗೆ ನಾರು ಸುತ್ತಿದ್ದರೇನೋ ಹೌದು, ಅರ್ಧಕ್ಕೆ ನಿಲ್ಲಿಸಿದ್ದರು. ತಿರುಪಿನ ಗೆರೆಗಳನ್ನು ಉಜ್ಜಿ ಒರೆಸಿ, ಹೊಸ ನಾರನ್ನು ತಿರುವು ಹೋಗುವ ದಿಕ್ಕಿಗೇ ಬಿಗಿಯಾಗಿ ಸುತ್ತಿ, ಮೇಲೆ ಸಫೇದ ಬಳಿದ. ಅದು ಪೈಪಿನ ಸಂದಿಗೆ ಮೆತ್ತುವ ಬಿಳಿ ಬಣ್ಣದ ಅಂಟು. ಹಲ್ಲು ಕಚ್ಚಿ ಪಾನಾ ತಿರುಗಿಸಿದ. ನೀರು ಬಿಟ್ಟಾಗ ಅಜ್ಜಿ ಒಂದು ಚಿಟಿಕೆ ಬೂದಿಯನ್ನು ಸಂದಿನ ಮೇಲೆ ಉದುರಿಸಿ ನೋಡಿದಳು. ಬೂದಿ ಬೆಳ್ಳಗೇ ಇತ್ತು.

ಉಳಿದದ್ದು ಹಗೇವು. ಚಪ್ಪಡಿ ಸರಿಸಿದಾಗ ಒಳಗಿನಿಂದ ಬಿಸಿ ಉಸಿರಿನಂಥ ಗಾಳಿ ಬಂತು. ಹಳೆಯ ಹುಲ್ಲಿನ ವಾಸನೆ, ಅದರ ಜೊತೆಗೇ ಹುಳಿ ವಾಸನೆ. ಅವ್ವ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು. ಹಗೇವಿನ ಗಾಳಿ ಕೆಟ್ಟದ್ದು, ಇಳಿದವರ ಪ್ರಾಣ ತೆಗೆಯುತ್ತದೆ. ಬಹಳ ಹೊತ್ತು ಹಾಗೇ ತೆರೆದಿಟ್ಟು, ಆಮೇಲೆ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟರು. ದೀಪ ಆರದೆ ಉರಿದ ಮೇಲೇ ಅಪ್ಪ ಇಳಿದದ್ದು. ಪೈಪಿನ ಕಡೆಯ ರಾಗಿ ಕರ್ರಗೆ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಅಪ್ಪ ಅದನ್ನು ಒಡೆದು, ಹಿಂದಿದ್ದ ರಾಗಿಯನ್ನು ಬೊಗಸೆಯಲ್ಲಿ ಮೇಲಕ್ಕೆ ಚಾಚಿದ.

ಅಜ್ಜಿ ಮೂಸಿದಳು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಬಳೆ ಒಡೆಯಿತು.

“ಉಳ್ಕಂಡದೆ ಕಣ್ಲಾ! ನಿಮ್ಮಪ್ಪನ ರಾಗಿ ಉಳ್ಕಂಡದೆ!”

ಕೆಟ್ಟ ರಾಗಿಯೇ ಹೆಪ್ಪುಗಟ್ಟಿ ಗೋಡೆಯಾಗಿ ಒಳಗಿನ ರಾಗಿಯನ್ನು ಕಾಪಾಡಿತ್ತು. ನಾವೆಲ್ಲ ಸೇರಿ ಮಂಕರಿಯಲ್ಲಿ ಎತ್ತಿ ಎತ್ತಿ ಅಂಗಳದ ತುಂಬ ಚಾಪೆಯ ಮೇಲೆ ಹರವಿದೆವು. ಕೆಂಪು ರಾಗಿ ಬಿಸಿಲಿಗೆ ಹೊಳೆಯಿತು. ಈಗ ಇದನ್ನು ಬೇಸಿಗೆಯ ತನಕ ಎಲ್ಲಿ ಇಡುವುದು? ಒದ್ದೆ ಹಗೇವಿಗೆ ಮತ್ತೆ ತುಂಬುವ ಹಾಗಿಲ್ಲ. ಅಷ್ಟರಲ್ಲಿ ಎದುರುಮನೆಯ ದೊಡ್ಡಪ್ಪ ಬಂದ.

“ನಮ್ಮಗೇವು ಈ ಸಲ ಖಾಲಿ ಬಿದ್ದದೆ, ಅದ್ಕೇ ತುಂಬ್ಕಳಿ,” ಅಂದ.

ಅಜ್ಜಿ ಗಡಬಡಿಸಿ, “ನಮ್ಮಗೇವು ಇಲ್ಲಿ ಅದೆ ಅಂತ ಯಾರ್ಗೂ ಯೇಳ್ಬ್ಯಾಡ ಕಣಪ್ಪ,” ಅಂದಳು.

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ಚಿಗವ್ವ! ನಿಮ್ಮಗೇವು ಎಲ್ಲದೆ ಅಂತ ಊರ್ಗೆಲ್ಲ ಗೊತ್ತು. ಗೊತ್ತಿಲ್ದೆ ಇದ್ದೋರು ಆ ಪೈಪ್ನೋರು ಮಾತ್ರ!”

ಮೊದಲು ನಕ್ಕವಳು ಅಕ್ಕ. ಆಮೇಲೆ ಅಜ್ಜಿಗೂ ನಗು ತಡೆಯಲಾಗಲಿಲ್ಲ. ಸೊಂಟದಿಂದ ಎಲೆಅಡಿಕೆ ಚೀಲ ತೆಗೆದಳು.

ಸಂಜೆ ಅಪ್ಪ ಚರಂಡಿಗೆ ಮಣ್ಣು ಎಳೆಯಲು ಹೋದಾಗ ಅಜ್ಜಿ ಗುದ್ದಲಿಗೆ ಅಡ್ಡ ನಿಂತಳು. “ತಡಿ, ಮಕ್ಕಳು ನೋಡ್ಲಿ.” ನನ್ನ ಕೈ ಹಿಡಿದು ಬೀದಿಯಿಂದ ಬಚ್ಚಲಿನ ತನಕ ನಡೆಸಿದಳು. ಇಲ್ಲಿ ನೆಟ್ಟಗೆ ಬತ್ತದೆ, ಇಲ್ಲಿ ಬಂಡೆ, ಇಲ್ಲಿ ತಿರುಕ್ಕತದೆ, ಇದು ನಮ್ಮ ಹಗೇವಿನ ಬಾಯಿ. ಯಾರಿಗೂ ಹೇಳದಿದ್ದವಳು ಅಂದು ಬೆರಳು ಮಾಡಿ ತೋರಿಸಿದಳು. “ಮುಚ್ಚೋದ ಮುಚ್ಚು ಮಗ, ಮನೇವ್ರಿಗೆ ತೋರ್ಸಿ ಮುಚ್ಚು,” ಅಂದಳು. ಆ ಹಗೇವಿಗೆ ಮತ್ತೆ ರಾಗಿ ತುಂಬಲಿಲ್ಲ. ಅಕ್ಕನ ಬೀಗರೂಟದಲ್ಲಿ ತಾತನ ರಾಗಿ ಮುದ್ದೆಯನ್ನು ಅಜ್ಜಿ ತಾನೇ ಬಡಿಸಿದಳು. ಬೀಗರು ಇನ್ನೊಂದು ಕೇಳಿದಾಗ ಅವಳ ಮುಖ ನೋಡಬೇಕಿತ್ತು. ನನಗೆ ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ನಿಮ್ಮ ಮಂಡ್ಯದ ಮನೆಯ ಮಾತಿಗೆ ಬರುತ್ತೇನೆ. ನಿಮ್ಮ ಕೋಣೆಯ ಗೋಡೆ ಉಬ್ಬಿ ಬಣ್ಣ ಉದುರುತ್ತಿತ್ತಲ್ಲ, ಆಗ ರಿಪೇರಿಯವರು ಪೈಪು ಎಲ್ಲಿ ಹೋಗಿದೆ ಎಂದು ಕೇಳಿದರು. ನಿಮ್ಮಪ್ಪನಿಗೆ ಗೊತ್ತಿಲ್ಲ, ನಿಮ್ಮಮ್ಮನಿಗೆ ಗೊತ್ತಿಲ್ಲ, ಮನೆ ಕಟ್ಟಿದವರ ನಂಬರೂ ಸಿಗಲಿಲ್ಲ. ರಿಪೇರಿಯವರು ಕಿವಿಗೆ ಯಂತ್ರ ಹಚ್ಚಿಕೊಂಡು ಗೋಡೆಯ ಎದೆ ಬಡಿತ ಕೇಳಿದರು. ಚೆಂದದ ಯಂತ್ರ, ನನಗೂ ಕೇಳಿಸಿದರು. ಆದರೆ ಅವರು ಬರುವ ಮುಂಚೆಯೇ ನಾನು ಗೋಡೆಯ ಬುಡಕ್ಕೆ ಏನು ಉದುರಿಸಿದ್ದೆ ಹೇಳಿ? ಗ್ಯಾಸ್ ಒಲೆಯಲ್ಲಿ ಬೂದಿ ಎಲ್ಲಿ ಸಿಗಬೇಕು! ಹೂಂ, ನಿಮ್ಮ ಪೌಡರೇ. ಅದು ಮುದ್ದೆಯಾದ ಕಡೆಯೇ ಯಂತ್ರವೂ ಬೆರಳು ತೋರಿಸಿತು.

ನಮ್ಮ ಕಾಲವೇ ಚೆನ್ನಾಗಿತ್ತು ಅನ್ನುವವಳು ನಾನಲ್ಲ. ಬೀದಿ ನಲ್ಲಿಯಿಂದ ಕೊಡ ಹೊತ್ತ ಸೊಂಟ ಇದು, ನಿಮ್ಮ ಮನೆಯ ನಲ್ಲಿಗೆ ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ನಾವು ನೆಲದಲ್ಲಿ ರಾಗಿ ಬಚ್ಚಿಡುತ್ತಿದ್ದೆವು, ನೀವು ಗೋಡೆಯಲ್ಲಿ ನೀರು ಬಚ್ಚಿಟ್ಟಿದ್ದೀರಿ. ನಾವು ಗೊತ್ತಿದ್ದೂ ಹೇಳುತ್ತಿರಲಿಲ್ಲ. ನಿಮ್ಮಲ್ಲಿ ಹೇಳೋಣವೆಂದರೆ ಯಾರಿಗೂ ಗೊತ್ತೇ ಇಲ್ಲ. ಪೈಪಿಗೆ ಹೊಸ ಜೋಡಣೆ ಹಾಕಿ ಆಗಿದೆ, ನಾಳೆ ಗಾರೆಯವರು ಬಂದು ಗೋಡೆ ಮುಚ್ಚುತ್ತಾರೆ. ಅದಕ್ಕೇ ನಿಮ್ಮಿಬ್ಬರನ್ನೂ ಕೂಗಿದ್ದು. ಫೋನು ಅಲ್ಲಿಡಿ, ಬನ್ನಿ. ಕೈ ಕೊಡಿ ಇಲ್ಲಿ. ಇಗೋ, ಇಲ್ಲಿ ನೆಟ್ಟಗೆ ಬರುತ್ತದೆ. ಇಲ್ಲಿ ತಿರುಗಿಕೊಳ್ಳುತ್ತದೆ. ಮುಟ್ಟಿ ನೋಡಿ, ತಣ್ಣಗಿದೆಯಲ್ಲವೇ?