ಇನ್ನೊಂದು ವರ್ಷದ ವಿಮೆ

ಮೂರು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ದೋಸೆಯ ಕಾವಲಿಯ ಮುಂದೆ ನಿಂತು, ನನ್ನ ಕಡೆ ತಿರುಗದೆಯೇ, "ಈ ಸಲ ನನ್ನ ಇನ್ಶೂರೆನ್ಸ್ ಕಟ್ಟುದು ಬೇಡ" ಎಂದಳು.

ನಾನು ಆಗ ನವೀಕರಣದ ಫಾರ್ಮನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಫಾರ್ಮು ಬರುವುದು ಫೋನಿಗೆ. ಆದರೂ ಗ್ಯಾರೇಜಿನ ಪ್ರಿಂಟರಿನಲ್ಲಿ ಅಚ್ಚು ತೆಗೆದು ಮನೆಗೆ ತರುತ್ತಿದ್ದೆ. ಕಾಗದದ ಮೇಲೆ ಪೆನ್ನು ಹಿಡಿದು ಬರೆದರೆ ತಪ್ಪು ಕಡಿಮೆ ಎಂದು ಒಂದು ನಂಬಿಕೆ.

ನಾನು ದುಬೈಯ ರಾಸ್ ಅಲ್ ಖೋರಿನ ಒಂದು ಕಾರು ರಿಪೇರಿ ಗ್ಯಾರೇಜಿನಲ್ಲಿ ಬಿಡಿಭಾಗಗಳ ಕೌಂಟರ್ ನೋಡಿಕೊಳ್ಳುವವನು. ಮೂವತ್ತು ವರ್ಷದಿಂದ ಅದೇ ಕೆಲಸ. ಮದುವೆಯಾದ ಮೇಲೆ ಅಲ್ ನಹ್ದಾದಲ್ಲಿ ಮನೆ ಮಾಡಿದೆವು. ಮಗಳು ಅಲ್ಲೇ ಬೆಳೆದಳು, ಓದಿದಳು, ಮದುವೆಯಾಗಿ ಅಬುಧಾಬಿಗೆ ಹೋದಳು. ಇಲ್ಲಿ ನನ್ನ ಆರೋಗ್ಯ ವಿಮೆ ಕಂಪನಿಯ ತಲೆಬಿಸಿ. ಹೆಂಡತಿಯದ್ದು ನಾನೇ ಕಟ್ಟಬೇಕು. ಅದಿಲ್ಲದೆ ಅವಳ ವೀಸಾ ಮುಂದುವರಿಯುವುದಿಲ್ಲ. ಆದ್ದರಿಂದ ಕಟ್ಟುವುದು ಬೇಡ ಎಂದು ಅವಳು ಹೇಳಿದ್ದಕ್ಕೆ ಒಂದೇ ಅರ್ಥವಿತ್ತು: ನಾನು ಊರಿಗೆ ಹೋಗುತ್ತೇನೆ.

"ಎಂತ ಆಯ್ತು?" ಎಂದೆ.

"ಎಂತ ಆಗ್ಲಿಲ್ಲ. ಅಕ್ಕ ಫೋನ್ ಮಾಡಿದ್ಲು."

ಅವಳ ಅಕ್ಕನಿಗೆ ಮೂಲ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ, ಹೆದ್ದಾರಿಗೆ ಮುಖ ಮಾಡಿ, ಒಂದು ಬ್ಲೌಸ್ ಹೊಲಿಯುವ ಅಂಗಡಿ. ಇಬ್ಬರೂ ಒಟ್ಟಿಗೆ ಹೊಲಿಗೆ ಕಲಿತವರು. ಮದುವೆಗೆ ಮುಂಚೆ ಆರು ವರ್ಷ ಆ ಅಂಗಡಿಯಲ್ಲಿ ಎರಡು ಮೆಷಿನು ಅಕ್ಕಪಕ್ಕ ಹಾಕಿ ಕೂತವರು. ನನ್ನ ಹೆಂಡತಿ ದುಬೈಗೆ ಹೊರಟಾಗ ಅಕ್ಕ ಎರಡನೇ ಮೆಷಿನನ್ನು ಮಾರಲಿಲ್ಲ. ಒಂದು ಬಟ್ಟೆ ಮುಚ್ಚಿ ಹಾಗೇ ಇಟ್ಟಳು. ಯಾರಾದರೂ ಗಿರಾಕಿ ಕೇಳಿದರೆ, "ಅದು ತಂಗಿದು, ಬರ್ತಾಳೆ" ಎನ್ನುತ್ತಿದ್ದಳಂತೆ. ಇಲ್ಲಿಯೂ ನನ್ನ ಹೆಂಡತಿ ಸುಮ್ಮನೆ ಕೂತವಳಲ್ಲ. ನಮ್ಮ ಕಟ್ಟಡದ, ಪಕ್ಕದ ಕಟ್ಟಡದ ಹೆಂಗಸರೆಲ್ಲ ಅವಳಿಂದಲೇ ಬ್ಲೌಸು ಹೊಲಿಸುತ್ತಿದ್ದರು. ಆದರೆ ಹನ್ನೊಂದನೇ ಮಹಡಿಯ ಕಿಟಕಿಯ ಹತ್ತಿರ ಒಬ್ಬಳೇ ಕೂತು ಹೊಲಿಯುವುದು ಅವಳಿಗೆ ಹಿಡಿಸಲೇ ಇಲ್ಲ. ಹೊಲಿಯುವಾಗ ಮಾತಾಡಲು ಜನ ಬೇಕು ಎನ್ನುತ್ತಿದ್ದಳು. ದಾರಿಯಲ್ಲಿ ಬಸ್ಸು ಹೋಗಬೇಕು, ಯಾರಾದರೂ ಅಂಗಡಿಗೆ ತಲೆ ಹಾಕಿ ಹಾಗೇ ಮುಂದೆ ಹೋಗಬೇಕು.

"ಅಕ್ಕನಿಗೆ ಈಗ ಸೂಜಿಗೆ ನೂಲು ಹಾಕ್ಲಿಕ್ಕೆ ಕಾಣುದಿಲ್ಲ" ಎಂದಳು ದೋಸೆ ಮಗುಚುತ್ತಾ. "ನಂಗೆ ಕಣ್ಣುಂಟು, ಬೆರಳಿಲ್ಲ. ಇಬ್ರೂ ಸೇರಿದ್ರೆ ಒಂದು ಟೈಲರ್ ಆಗ್ತದೆ ಅಂತ ಹೇಳಿದ್ಲು."

ಬೆರಳಿನ ಕತೆ ಅದಕ್ಕೂ ಐದು ವರ್ಷ ಹಿಂದಿನದು. ಮೊದಲು ಬೆಳಿಗ್ಗೆ ಎದ್ದಾಗ ಕೈ ಮಡಚಲು ಆಗುತ್ತಿರಲಿಲ್ಲ. ಆಮೇಲೆ ಗೆಣ್ಣುಗಳು ಬಾತವು. ಒಂದು ದಿನ ನಾನು ಕೆಲಸದಿಂದ ಬಂದಾಗ ಅವಳು ಮೆಷಿನಿನ ಮುಂದೆ ಕೂತು, ಎರಡು ಕೈಯನ್ನೂ ಮಡಿಲಲ್ಲಿ ಮಲಗಿಸಿಕೊಂಡು, ಯಾರದೋ ಬ್ಲೌಸಿನ ಅರ್ಧ ಹೊಲಿದ ತೋಳನ್ನು ನೋಡುತ್ತಿದ್ದಳು. ಕತ್ತರಿ ಹಿಡಿಯಲು ಆಗುತ್ತಿಲ್ಲ ಎಂದಳು. ಅವಳು ಅತ್ತದ್ದನ್ನು ನಾನು ಹೆಚ್ಚು ಕಂಡಿಲ್ಲ. ಅವತ್ತು ಕಂಡೆ.

ಸಂಧಿವಾತ ಎಂದರು. ಮಾತ್ರೆಗೆ ಬಗ್ಗಲಿಲ್ಲ. ಆಮೇಲೆ ಎರಡು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟರು. ನನ್ನ ಸಂಬಳದಲ್ಲಿ ಅದನ್ನು ಕೊಳ್ಳುವ ಮಾತೇ ಇರಲಿಲ್ಲ. ಕ್ಲಿನಿಕ್ಕಿನವರು ವಿಮೆಯವರಿಗೆ ಬರೆದರು, ವಿಮೆಯವರು ಏನೇನೋ ರಿಪೋರ್ಟು ಕೇಳಿದರು, ಕೊನೆಗೊಂದು ದಿನ ಫೋನಿಗೆ ಅಪ್ರೂವಲ್ ಬಂತು. ನಾಲ್ಕನೇ ಇಂಜೆಕ್ಷನ್ ಆದ ಮೇಲೆ ಒಂದು ಸಂಜೆ ಅವಳು ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಟಳು. ಕೊಟ್ಟು, "ನೋಡಿ" ಎಂದಳು ಅಷ್ಟೇ. ಆ ವಿಮೆಯ ಕಾರ್ಡಿನ ಮೇಲೆ ನನಗೆ ಬಂದ ಭಕ್ತಿಗೆ ಮಿತಿಯೇ ಇರಲಿಲ್ಲ. ಇವತ್ತಿಗೂ ನಾನು ಅದನ್ನು ಹೀಗಳೆಯಲಾರೆ.

ಆದರೆ ಆಮೇಲೆ ಊರಿಗೆ ಹೋಗುವುದೆಂದರೆ ಮೂರು ವಾರ ಮಾತ್ರವಾಯಿತು. ಇಂಜೆಕ್ಷನ್ನನ್ನು ಐಸಿನ ಚೀಲದಲ್ಲಿ ಇಟ್ಟು, ಡಾಕ್ಟರ ಚೀಟಿ ಮೇಲೆ ಅಂಟಿಸಿ, ವಿಮಾನದಲ್ಲಿ ಕಾಲಿನ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಅಕ್ಕನ ಅಂಗಡಿಯಲ್ಲಿ ತನ್ನ ಮೆಷಿನಿಗೆ ಎಣ್ಣೆ ಬಿಟ್ಟು ಹೊಲಿಯಲು ಕೂತು ನಾಲ್ಕು ಗಿರಾಕಿಗಳ ಪರಿಚಯವಾಗುವಷ್ಟರಲ್ಲಿ ಮುಂದಿನ ಅಪ್ರೂವಲ್ಲಿನ ತಾರೀಕು ಬಂದುಬಿಡುತ್ತಿತ್ತು. ಪ್ರತಿ ವರ್ಷ ನವೀಕರಣದ ಹೊತ್ತಿಗೆ ನಾನು "ಇನ್ನೊಂದು ವರ್ಷ ನೋಡುವ" ಎನ್ನುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಹೀಗೆ ನಾಲ್ಕು ವರ್ಷ.

ಆ ಶನಿವಾರ ಮಧ್ಯಾಹ್ನ ಮಗಳು ಅಬುಧಾಬಿಯಿಂದ ಬಂದಳು. ಅವಳು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವುದು. ಅಲ್ಲೇ ಹತ್ತಿರದ ಒಂದು ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ಕಾರಿನ ಬೀಗದ ಕೈಯನ್ನು ಮೇಜಿನ ಮೇಲೆ ಇಡುವ ಮೊದಲೇ ಅವಳಿಗೆ ವಿಷಯ ಗೊತ್ತಾಯಿತು.

"ಅಮ್ಮ, ಆರ್ ಯು ಸೀರಿಯಸ್?" ಎಂದಳು. "ಇದನ್ನು ಬಿಟ್ರೆ ಮತ್ತೆ ಸಿಗುದಿಲ್ಲ. ವಾಪಸ್ ಬಂದ್ರೂ ಹಳೇ ಕಾಯಿಲೆಗೆ ತಿಂಗಳುಗಟ್ಟಲೆ ವೆಯ್ಟಿಂಗ್. ಊರಿನ ಇನ್ಶೂರೆನ್ಸಿನವರು ಇನ್ನೂ ಕಷ್ಟ. ವರ್ಷಗಟ್ಟಲೆ ಕಾಯಿಸ್ತಾರೆ."

"ಗೊತ್ತುಂಟು ಮಗಾ."

"ಗೊತ್ತಿದ್ದೂ?"

"ನಾನು ಇಲ್ಲಿ ಇರುದು ಕೈ ಸರಿ ಇರ್ಲಿ ಅಂತ ಅಲ್ವಾ?" ಎಂದಳು ಹೆಂಡತಿ. "ಕೈ ಸರಿ ಇರ್ಬೇಕು ಯಾಕೆ? ಹೊಲಿಲಿಕ್ಕೆ. ನಂಗೆ ಹೊಲಿಲಿಕ್ಕೆ ಮನಸ್ಸಿರುದು ಅಲ್ಲಿ."

ಮಗಳು ನನ್ನ ಮುಖ ನೋಡಿದಳು. "ಪಪ್ಪಾ, ನೀವು ಹೇಳಿ. ದಿಸ್ ಈಸ್ ನಾಟ್ ಪ್ರಾಕ್ಟಿಕಲ್."

ನಾನು ಎರಡು ಕಡೆಗೂ ತಲೆ ಆಡಿಸಿದೆ. ಡಾಕ್ಟರನ್ನು ಒಂದು ಮಾತು ಕೇಳಿ ನಿರ್ಧಾರ ಮಾಡುವ ಎಂದೆ. ಇಬ್ಬರೂ ಒಪ್ಪಿದರು.

ಅವಳನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ಸಿರಿಯಾದ ಒಬ್ಬ ಹೆಂಗಸು. ನನ್ನ ಹೆಂಡತಿಯಷ್ಟೇ ವಯಸ್ಸು. ಹೆಂಡತಿಯ ಇಂಗ್ಲಿಷು ಅರ್ಧ ಹಿಂದಿ. ಅವರದ್ದು ಅರ್ಧ ಅರಬ್ಬಿ. ಆದರೂ ಇಬ್ಬರೂ ಚೆನ್ನಾಗಿ ಮಾತಾಡಿಕೊಳ್ಳುತ್ತಿದ್ದರು. ಅವತ್ತು ಹೆಂಡತಿ ನನಗಿಂತ ಮೊದಲೇ ಕೇಳಿದಳು: ನಾನು ಊರಿಗೆ ಹೋಗಿ ಇರಬಹುದಾ?

ಡಾಕ್ಟರು ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಅಲ್ಲಿ ಈ ರೋಗಕ್ಕೆ ಡಾಕ್ಟರು ಇದ್ದಾರೆಯೇ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗುತ್ತದೆಯೇ ಎಂದು ಕೇಳಿದರು. ದೊಡ್ಡ ಆಸ್ಪತ್ರೆ ಇದೆ, ಅಕ್ಕನ ಮನೆಯಿಂದ ಬಸ್ಸಿದೆ ಎಂದು ಇವಳು ಹೇಳಿದಳು.

"ಹಾಗಾದರೆ ಹೋಗಿ" ಎಂದರು.

ನಾನು ನಡುವೆ ಬಾಯಿ ಹಾಕಿದೆ. "ಡಾಕ್ಟರ್, ಅಲ್ಲಿ ಇವಳಿಗೆ ವಿಮೆ ಇರುವುದಿಲ್ಲ. ಈ ಇಂಜೆಕ್ಷನ್ ಸಿಗದೆ ಹೋದರೆ?"

"ಆಗ ಅಲ್ಲಿಯ ಡಾಕ್ಟರು ಬೇರೆ ಔಷಧಿ ನೋಡುತ್ತಾರೆ. ಇಷ್ಟು ಚೆನ್ನಾಗಿರುವುದಿಲ್ಲ, ನಿಜ. ಆದರೆ ಇವರು ಕೇಳಿದ್ದು ಹೋಗಿ ಇರಬಹುದಾ ಎಂದು. ಇರಬಹುದು." ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಏನೋ ಬರೆಯುತ್ತಾ, ನಮ್ಮನ್ನು ನೋಡದೆ ಹೇಳಿದರು: "ನನ್ನ ಅಮ್ಮನ ಮನೆ ಇದ್ದ ಬೀದಿಯೇ ಈಗ ಇಲ್ಲ. ನನ್ನ ಕಾರ್ಡನ್ನೂ ಪ್ರತಿ ವರ್ಷ ನವೀಕರಿಸುತ್ತಾರೆ. ಬೇಡ ಎಂದು ಹೇಳೋಣವೆಂದರೆ ಹೋಗಲು ಜಾಗ ಬೇಕಲ್ಲ."

ಹೊರಗೆ ಬಂದ ಮೇಲೆ ಹೆಂಡತಿ ಕಾರಿನಲ್ಲಿ ಕೂತು, "ಪಾಪ, ಆ ಡಾಕ್ಟರಮ್ಮ" ಎಂದಳು. ಅವಳ ಮುಖದಲ್ಲಿ ಆಗಲೇ ಒಂದು ತೀರ್ಮಾನವಿತ್ತು. ಅದು ನನಗೂ ಕಾಣುತ್ತಿತ್ತು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ಈಗಲೂ ಸಂಕೋಚವಾಗುತ್ತದೆ. ವಿಮೆ ಮುಗಿಯಲು ಎರಡು ದಿನ ಉಳಿದಿತ್ತು. ಗ್ಯಾರೇಜಿನ ಕೌಂಟರಿನಲ್ಲಿ ಕೂತಿದ್ದಾಗ, ಬ್ರೇಕ್ ಪ್ಯಾಡು ಕೇಳಲು ಬಂದ ಮೆಕ್ಯಾನಿಕ್ಕನ್ನು ನಿಲ್ಲಿಸಿಟ್ಟು, ಫೋನಿನಲ್ಲೇ ಇನ್ನೊಂದು ವರ್ಷಕ್ಕೆ ಕಟ್ಟಿಬಿಟ್ಟೆ. ಆ ಅರ್ಧ ಹೊಲಿದ ತೋಳಿನ ಮುಂದೆ ಅವಳು ಕೂತಿದ್ದ ದಿನ ಮತ್ತೆ ಬಂದರೆ, ನಾನು ಇಲ್ಲಿ, ಅವಳು ಅಲ್ಲಿ. ಆ ಯೋಚನೆಯೇ ನನ್ನಿಂದ ತಡೆಯಲಾಗಲಿಲ್ಲ. ಮನೆಗೆ ಹೋಗಿ ಹೇಳುವ ಎಂದುಕೊಂಡೆ. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ.

ಮೂರನೇ ದಿನ ಸಂಜೆ ಅವಳು ಬಟ್ಟೆ ಮಡಚುತ್ತಿದ್ದಾಗ ಅವಳ ಫೋನು ಟಿಣ್ ಎಂದಿತು. ಹೊಸ ಕಾರ್ಡು ಚಾಲ್ತಿಗೆ ಬಂದಿದೆ ಎಂಬ ಸಂದೇಶ. ಅವಳು ಓದಿದಳು, ಫೋನನ್ನು ಮಗುಚಿ ಇಟ್ಟಳು, ಉಳಿದ ಬಟ್ಟೆಗಳನ್ನೆಲ್ಲ ಮಡಚಿ ಮುಗಿಸಿದಳು.

"ನೀವು ನನ್ನತ್ರ ಒಂದು ಮಾತು ಕೇಳ್ಳಿಲ್ಲ" ಎಂದಳು.

"ನಂಗೆ ಹೆದರಿಕೆ ಆಯ್ತು ಮಾರಾಯ್ತಿ."

"ಅದನ್ನಾದ್ರೂ ಹೇಳ್ಬಹುದಿತ್ತು."

ಕಟ್ಟಿದ ಹಣ ವಾಪಸ್ ಬರುವಂಥದ್ದಲ್ಲ; ಊರಿನ ಮಾತು ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತೋ ಏನೋ. ಅವಳು ಎಂದಿನಂತೆ ಅಡಿಗೆ ಮಾಡಿದಳು, ಇಂಜೆಕ್ಷನ್ ತಪ್ಪಿಸಲಿಲ್ಲ. ಬ್ಲೌಸು ಕೊಡಲು ಬಂದವರಿಗೆ ಮಾತ್ರ "ಈಗ ಹೊಲಿಯುದಿಲ್ಲ" ಎಂದು ಹೇಳಿ ಕಳಿಸತೊಡಗಿದಳು. ಬೆರಳು ಚೆನ್ನಾಗಿಯೇ ಇತ್ತು. ಕಿಟಕಿಯ ಹತ್ತಿರದ ಮೆಷಿನಿನ ಮೇಲೆ ಇಸ್ತ್ರಿ ಮಾಡುವ ಬಟ್ಟೆಗಳು ಗುಡ್ಡೆ ಬಿದ್ದವು.

ಆ ವರ್ಷ ಮಳೆ ಮುಗಿದ ಮೇಲೆ ಅಕ್ಕನ ಫೋನ್ ಬಂತು. ಹೆದ್ದಾರಿ ಅಗಲ ಮಾಡಲು ಆ ಸಾಲಿನ ಅಂಗಡಿಗಳನ್ನೆಲ್ಲ ತೆಗೆಯುತ್ತಾರಂತೆ. ವರ್ಷಗಳಿಂದ ಕೇಳುತ್ತಿದ್ದ ಮಾತು. ಈ ಸಲ ಗೋಡೆಗೆ ಕೆಂಪು ಬಣ್ಣದ ಗುರುತೂ ಹಾಕಿ ಹೋಗಿದ್ದರು. ಒಂದು ತಿಂಗಳಲ್ಲಿ ಅಂಗಡಿ ಇಲ್ಲವಾಯಿತು. ಅಕ್ಕ ಎರಡು ಮೆಷಿನನ್ನೂ ಆಟೋರಿಕ್ಷಾದಲ್ಲಿ ಹಾಕಿಕೊಂಡು ತನ್ನ ಬಾಡಿಗೆ ಮನೆಯ ಜಗಲಿಗೆ ಸಾಗಿಸಿದಳು. ಒಂದು ಫೋಟೋ ಕಳಿಸಿದಳು. ಅಂಗಡಿ ಇದ್ದಲ್ಲಿ ಕೆಂಪು ಮಣ್ಣು, ಅದರಾಚೆ ಯಾವತ್ತೂ ಕಾಣದಿದ್ದ ಯಾರದೋ ಮನೆಯ ಹಿತ್ತಲು.

ಹೆಂಡತಿ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಇಲ್ಲಿ ನಮ್ಮ ಬಾಗಿಲು. ಇಲ್ಲಿ ಅಕ್ಕ ಕೂರುದು" ಎಂದು ಬೆರಳಿಟ್ಟು ತೋರಿಸಿದಳು. ನನ್ನನ್ನು ಬೈಯಲಿಲ್ಲ. ಆ ವರ್ಷ ಅವಳು ಹೋಗಿದ್ದರೂ ಅಂಗಡಿ ಉಳಿಯುತ್ತಿರಲಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಏಳೆಂಟು ತಿಂಗಳು ಅವಳು ಅಲ್ಲಿ ಕೂತಿರುತ್ತಿದ್ದಳು.

ಮುಂದಿನ ನವೀಕರಣದ ಫಾರ್ಮು ಬಂದಾಗ ನಾನು ಅದನ್ನು ಅಚ್ಚು ತೆಗೆಸಲಿಲ್ಲ. ಟಿಕೆಟ್ ಮಾಡಿಸಿದೆ. ಮಗಳು ಫೋನಿನಲ್ಲಿ ಅತ್ತಳು, ಆಮೇಲೆ ತಾನೇ ಬಂದು ಅಮ್ಮನ ರಿಪೋರ್ಟುಗಳನ್ನೆಲ್ಲ ತಾರೀಕಿನ ಪ್ರಕಾರ ಫೈಲು ಮಾಡಿ ಕೊಟ್ಟಳು. ಡಾಕ್ಟರು ಊರಿನ ಡಾಕ್ಟರಿಗೆ ಎರಡು ಪುಟದ ಪತ್ರ ಬರೆದರು. ಹೊರಡುವಾಗ ಎದ್ದು ಬಂದು ಅರಬ್ಬಿಯಲ್ಲಿ ಪ್ರೀತಿಯಿಂದ "ಹಬೀಬ್ತಿ" ಎಂದು ಇವಳನ್ನು ಅಪ್ಪಿಕೊಂಡರು. ವಿಮಾನ ನಿಲ್ದಾಣದಲ್ಲಿ ಹೆಂಡತಿ ನನಗೆ, "ಒಣಮೀನು ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲುಂಟು" ಎಂದಳು. ಇನ್ನೇನೋ ಹೇಳುವುದಿತ್ತು ಅವಳಿಗೆ. ಹಿಂದಿನವರು ಸಾಲಿನಲ್ಲಿ ಮುಂದೆ ತಳ್ಳಿದರು.

ನಾನು ಯಾಕೆ ಜೊತೆಗೆ ಹೋಗಲಿಲ್ಲ ಎಂದು ಕೇಳಬಹುದು. ಕಾರ್ಡಿಲ್ಲದೆ ಹೋದವಳ ಔಷಧಿಗೆ ಯಾರಾದರೂ ದುಡಿಯಬೇಕಲ್ಲ. ಅಲ್ ನಹ್ದಾದ ಮನೆ ಬಿಟ್ಟು, ಅದೇ ಕಟ್ಟಡದಲ್ಲಿ ನಮ್ಮ ಕಡೆಯ ಇನ್ನಿಬ್ಬರ ಜೊತೆ ಒಂದು ಕೋಣೆ ಹಿಡಿದೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಇಲ್ಲಿಯ ಲೆಕ್ಕದಲ್ಲಿ ಪುನಃ ಬ್ಯಾಚುಲರ್. ಲಿಫ್ಟಿನಲ್ಲಿ ಹಳೆಯ ಪರಿಚಯದ ಹೆಂಗಸರು ಸಿಕ್ಕಿ, "ಅಕ್ಕ ಯಾವಾಗ ಬರ್ತಾರೆ? ಬ್ಲೌಸ್ ಪೀಸ್ ಉಂಟು" ಎನ್ನುತ್ತಾರೆ. ಕೈ ತನ್ನಷ್ಟಕ್ಕೆ ಹನ್ನೊಂದನೇ ಮಹಡಿಯ ಗುಂಡಿ ಒತ್ತುತ್ತದೆ. ಈಗ ನಾನಿರುವುದು ನಾಲ್ಕನೆಯದರಲ್ಲಿ.

ಊರಿನ ಡಾಕ್ಟರು ಆ ಇಂಜೆಕ್ಷನ್ನನ್ನು ಕೆಲವು ತಿಂಗಳು ಮುಂದುವರಿಸಿ, ಆಮೇಲೆ ಅಲ್ಲೇ ತಯಾರಾಗುವ ಅಗ್ಗದ್ದೊಂದಕ್ಕೆ ಬದಲಾಯಿಸಿದರು. ಮಳೆಗಾಲದಲ್ಲಿ ಬೆರಳು ಹಟ ಮಾಡುತ್ತದೆ. ಬಿಸಿನೀರಲ್ಲಿ ಕೈ ಅದ್ದಿಕೊಂಡು ಹತ್ತು ಗಂಟೆಯ ಮೇಲೆ ಅಕ್ಕನ ಜಗಲಿಯಲ್ಲಿ ಹೊಲಿಯಲು ಕೂರುತ್ತಾಳೆ. ಇಲ್ಲಿ ಇದ್ದಷ್ಟು ಸರಾಗವಿಲ್ಲ ಎಂದು ಅವಳೇ ಒಪ್ಪುತ್ತಾಳೆ. ಕಳೆದ ಸಲ ರಜೆಗೆ ಹೋದಾಗ ನಾನು ಕೇಳಿದೆ: ಆ ಕಾರ್ಡನ್ನು ಇಟ್ಟುಕೊಂಡೇ ಇರಬೇಕಿತ್ತು ಅಂತ ಒಮ್ಮೆಯೂ ಅನ್ನಿಸ್ಲಿಲ್ವಾ? "ನೋವು ಜೋರಿದ್ದ ದಿನ ಅನ್ನಿಸ್ತದೆ" ಎಂದಳು. "ಆದ್ರೆ ನಂಗೆ ಅದಕ್ಕಿಂತ ಜಾಸ್ತಿ ನೆನಪಾಗುದು ನೀವು." ಇಷ್ಟು ವರ್ಷದ ಸಂಸಾರದಲ್ಲಿ ಅವಳು ಇಂಥ ಮಾತು ಆಡಿದ್ದು ಅದೇ ಮೊದಲು. ಅಕ್ಕ ಅಲ್ಲೇ ಕೂತಿದ್ದಳು. ಕೇಳದವಳ ಹಾಗೆ ಮೆಷಿನು ತುಳಿದಳು.

ಈಗ ಶನಿವಾರ ನಾನು ಮಗಳ ಮನೆಗೆ ಹೋಗುತ್ತೇನೆ. ದುಬೈ ದಾಟಿ ಒಂದೂವರೆ ಗಂಟೆ ಕಾರು ಓಡಿಸಬೇಕು. ಮೊನ್ನೆ ಅವಳ ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿಯುವ ಮೊದಲು ಮೂಲ್ಕಿಗೆ ಫೋನ್ ಹಚ್ಚಿದೆ. ಹೆಂಡತಿ ಎತ್ತಿಕೊಂಡಳು, ಊಟ ಆಯ್ತಾ ಎಂದಳು, ಅಷ್ಟರಲ್ಲಿ ಅಕ್ಕ ಏನೋ ಕೂಗಿದಳು. ಕುತ್ತಿಗೆಯ ಅಳತೆ ಆಳವಾಯಿತೆಂದು ಒಬ್ಬಳು, ಗಿರಾಕಿಯೇ ಹಾಗೆ ಹೇಳಿದ್ದೆಂದು ಇನ್ನೊಬ್ಬಳು, ತುಳುವಿನಲ್ಲಿ ಜೋರಾಗಿ ವಾದ ಶುರುವಾಯಿತು. ಮೂರನೆಯ ಹೆಂಗಸೊಬ್ಬಳು ನಕ್ಕಳು. ಮೆಷಿನು ಓಡಿತು, ನಿಂತಿತು, ಮತ್ತೆ ಓಡಿತು. ಲೈನಿನಲ್ಲಿ ನಾನಿದ್ದೇನೆಂಬುದು ಅವಳಿಗೆ ಮರೆತೇಹೋಗಿತ್ತು. ನಾನು ಫೋನು ಇಡಲಿಲ್ಲ. ಮಗಳು ಬಾಗಿಲು ತೆರೆದು ಹೊರಗೆ ಬಂದು ಕೈಬೀಸಿ ಕರೆಯುವ ತನಕ, ಎಸಿ ಆರಿಸದ ಕಾರಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ.